ಕೂಸಿಗೆ ಬಾಟಲಿ ಹಿಡಿಸಲು ಹೊರಟ ಹದಿನೈದು ದಿನ

ನನ್ನ ಮಗಳಿಗೆ ಇಪ್ಪತ್ತೆಂಟು ದಿನವಾಗಿದ್ದಾಗ ನನಗೆ ನೌಕರಿಯ ಆರ್ಡರು ಬಂತು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿದ್ದ ಕಾಲ. ಜೂನ್ ತಿಂಗಳು, ಮಳೆ ಜೋರಾಗಿ ಹಿಡಿದಿತ್ತು. ಹೊನ್ನಾವರದ ಹತ್ತಿರದ ಮಂಕಿ ಊರಿನ ಕಡಲ ಬದಿಯ ನಮ್ಮ ಕೇರಿಯಲ್ಲಿ ದೋಣಿಗಳನ್ನೆಲ್ಲ ದಡದ ಮೇಲಕ್ಕೆಳೆದು ತೆಂಗಿನ ಮಡಲು ಹೊದೆಸಿ ಇಟ್ಟಾಗಿತ್ತು. ಅಪ್ಪ ಜಗಲಿಯಲ್ಲಿ ಕೂತು ಹರಿದ ಬಲೆ ಕಟ್ಟುತ್ತಿದ್ದ. ನಾನು ಒಳಕೋಣೆಯಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡು ಕೂಸಿಗೆ ಹಾಲು ಕೊಡುತ್ತಿದ್ದೆ.

ಹೊರಗೆ ಟಪಾಲಿನವನು ನನ್ನನ್ನು ಕರೆದು, ಸಹಿ ಮಾಡಬೇಕು ಎಂದದ್ದು ಕೇಳಿತು. ಸಹಿ ಮಾಡಬೇಕಾದ ಕಾಗದ ಎಂದರೆ ಒಂದೇ ಇರಲು ಸಾಧ್ಯ. ಕೂಸನ್ನು ಎದೆಗೆ ಹಿಡಿದುಕೊಂಡೇ ಓಡಿದೆ.

"ಬಾಣಂತಿ ಹೀಂಗೆ ಓಡೂದಾ? ಗಾಳಿ ತಾಗ್ತದೆ, ಒಳಗೆ ಹೋಗೆ!" ಎಂದು ಅವ್ವ ಅಡುಗೆಮನೆಯಿಂದ ಕೂಗಿದಳು.

ಕೂಸನ್ನು ಅಪ್ಪನ ತೊಡೆಯ ಮೇಲಿನ ಬಲೆಯ ರಾಶಿಯ ಮೇಲೇ ಇಟ್ಟು, ಸಹಿ ಹಾಕಿ, ಲಕೋಟೆ ಹರಿದೆ. ಮೊದಲ ಸಾಲು ಓದುವಷ್ಟರಲ್ಲಿ ಕಣ್ಣು ಮಂಜಾಯಿತು.

"ಎಂತ ಅದು? ಕೋರ್ಟಿನ ಕಾಗದ್ವಾ?" ಅಪ್ಪ ಗಾಬರಿಯಿಂದ ಕೇಳಿದ.

"ಅಲ್ಲ ಅಪ್ಪಾ, ನೌಕರಿ! ನಂಗೆ ಶಾಲೆ ಸಿಕ್ತು! ಮಂಕಿಯಲ್ಲೇ!"

ನಮ್ಮ ಕೇರಿಯಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದ ಮೊದಲ ಹುಡುಗಿ ನಾನು. ಆಮೇಲೆ ಎರಡು ವರ್ಷ ಕುಮಟೆಯಲ್ಲಿ ಮಾಸ್ತರಿಕೆಯ ಟ್ರೈನಿಂಗ್ ಮುಗಿಸಿದ್ದೆ. ಅದಾಗಿ ಒಂದು ವರ್ಷ ಆರ್ಡರಿಗಾಗಿ ಕಾದು, ಆ ನಡುವೆಯೇ ಮದುವೆಯಾಗಿ, ಬಸುರಿಯೂ ಆಗಿ, ನೌಕರಿಯ ಆಸೆಯನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದೆ. ಈಗ ಮಂಕಿಯ ಒಳಗಿನ ಗದ್ದೆ ಬಯಲಿನ ಪ್ರಾಥಮಿಕ ಶಾಲೆಗೆ ಸಹಶಿಕ್ಷಕಿ ಎಂದು ನನ್ನ ಹೆಸರನ್ನು ಟೈಪು ಮಾಡಿದ ಕಾಗದ ನನ್ನ ಕೈಯಲ್ಲಿತ್ತು. ಗದ್ದೆಯಂಚಿನ ಮೇಲೆ ಮುಕ್ಕಾಲು ತಾಸು ನಡೆದರೆ ಶಾಲೆ. ಅರ್ಧ ತಾಸಿನಲ್ಲಿ ಇಡೀ ಕೇರಿಗೆ ಸುದ್ದಿ ಮುಟ್ಟಿತು. ಮಳೆಯಲ್ಲೇ ಹೆಂಗಸರು ಬಂದು ಬಾಗಿಲಲ್ಲಿ ನಿಂತರು. ಓದು ಬಾರದವರೂ ಕಾಗದವನ್ನು ಕೈಯಲ್ಲಿ ಹಿಡಿದು ನೋಡಿ, ಕಣ್ಣಿಗೆ ಒತ್ತಿಕೊಂಡು ವಾಪಸು ಕೊಟ್ಟರು.

ಕೊನೆಯ ಸಾಲನ್ನು ನಾನು ಗಮನವಿಟ್ಟು ಓದಿದ್ದು ಮಧ್ಯಾಹ್ನದ ಮೇಲೆ. ಹದಿನೈದು ದಿನದೊಳಗೆ ಹಾಜರಾಗತಕ್ಕದ್ದು, ತಪ್ಪಿದಲ್ಲಿ ಈ ಆದೇಶ ರದ್ದಾಗತಕ್ಕದ್ದು.

ಹದಿನೈದು ದಿನಕ್ಕೆ ಕೂಸಿಗೆ ನಲವತ್ತಮೂರು ದಿನ. ಬೆಳಿಗ್ಗೆ ಒಂಬತ್ತೂವರೆಗೆ ಮನೆ ಬಿಟ್ಟರೆ ತಿರುಗಿ ಬರುವುದು ಸಂಜೆ ಐದು ದಾಟಿದ ಮೇಲೆ. ಅಷ್ಟು ಹೊತ್ತು ಇದರ ಹೊಟ್ಟೆಗೆ ಏನು? ಕೂಸು ನನ್ನ ಮಡಿಲಲ್ಲಿ ಮುಷ್ಟಿ ಬಿಗಿದು ಮಲಗಿತ್ತು. ಅದನ್ನು ನೋಡಿ ಒಮ್ಮೆ ಅಳು ಬಂತು, ಮರುಕ್ಷಣ ಕಾಗದ ನೋಡಿ ನಗು ಬಂತು. ಅವ್ವನಿಗೆ ನೌಕರಿ ಬಿಡುವ ಮಾತು ತಲೆಗೇ ಬರಲಿಲ್ಲ.

"ನಾನು ಇಷ್ಟು ವರ್ಷ ಮೀನಿನ ಬುಟ್ಟಿ ಹೊತ್ತು ನಿನ್ನ ಶಾಲೆಗೆ ಕಳ್ಸಿದ್ದು ಮನೇಲಿ ಕೂತ್ಕೊಳ್ಳೂಕಾ? ಹೋಗೂದು ಹೋಗೂದೇ. ಕೂಸಿಗೆ ಎಂತಾದ್ರೂ ಮಾಡ್ವಾ" ಎಂದಳು.

ಅವ್ವನ ಬಗ್ಗೆ ಇಲ್ಲೇ ಒಂದು ವಿಷಯ ಹೇಳಿಬಿಡಬೇಕು. ಆಗ ಅವ್ವನ ಸೊಂಟದ ಮೇಲೂ ಒಂದು ಕೂಸಿತ್ತು. ಹನ್ನೊಂದು ತಿಂಗಳ ಹೆಣ್ಣುಮಗು, ನನ್ನ ಕೊನೆಯ ತಂಗಿ. ನನ್ನ ಮದುವೆಯ ಹೊತ್ತಿಗೆ ಅವ್ವ ಬಸುರಿ. ಆ ಕಾಲದಲ್ಲಿ ಅದೇನೂ ಅಪರೂಪವಲ್ಲ, ಆದರೆ ಕುಮಟೆಯಲ್ಲಿ ಎರಡು ವರ್ಷ ಓದಿ ಬಂದಿದ್ದ ನನಗೆ ಅದು ತಡೆಯಲಾರದ ಅವಮಾನವಾಗಿತ್ತು. ಗಂಡಿನ ಕಡೆಯವರ ಎದುರು ಅವ್ವ ದೊಡ್ಡ ಹೊಟ್ಟೆ ಹೊತ್ತು ಓಡಾಡಿದ್ದಳು. ಮದುವೆಯ ಮುಂಚಿನ ದಿನ ನಾನು ಅವಳಿಗೆ, "ನಾಚಿಕೆ ಆಗೂದಿಲ್ವಾ ನಿಂಗೆ?" ಎಂದು ಕೇಳಿದ್ದೆ. ಅವಳು ಉತ್ತರ ಕೊಟ್ಟಿರಲಿಲ್ಲ. ತಂಗಿ ಹುಟ್ಟಿದ ಮೇಲೆ ನಾನು ಅವಳನ್ನು ಎತ್ತಿಕೊಂಡದ್ದು ಬಹಳ ಕಡಿಮೆ. ಹೆರಿಗೆಗೆಂದು ತವರಿಗೆ ಬಂದ ಮೇಲೂ, ನಾನಿದ್ದಲ್ಲಿ ಅವ್ವ ತಂಗಿಗೆ ಹಾಲು ಕೊಡುತ್ತಿರಲಿಲ್ಲ. ಸೆರಗು ಮುಚ್ಚಿಕೊಂಡು ಅಡುಗೆಮನೆಯ ಮೂಲೆಗೆ ಹೋಗುತ್ತಿದ್ದಳು.

ನನ್ನ ಗಂಡ ಹೊನ್ನಾವರದ ಹೊಳೆಯಲ್ಲಿ ಲಾಂಚು ನಡೆಸುತ್ತಿದ್ದರು. ಆಗ ಶರಾವತಿಗೆ ಸೇತುವೆ ಇರಲಿಲ್ಲ. ಭಟ್ಕಳದ ಕಡೆಯಿಂದ ಬಂದವರು ಈಚೆ ದಂಡೆಯಲ್ಲಿ ಬಸ್ಸಿಳಿದು, ಲಾಂಚು ಹತ್ತಿ ಹೊಳೆ ದಾಟಿ, ಆಚೆ ಹೊನ್ನಾವರದಲ್ಲಿ ಕುಮಟೆಯ ಬಸ್ಸು ಹಿಡಿಯಬೇಕಿತ್ತು. ಅತ್ತೆ ತೀರಿಹೋಗಿ ಬಹಳ ವರ್ಷವಾಗಿತ್ತು, ಹಾಗಾಗಿ ಆ ಕಡೆಯಿಂದ ಕೂಸನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಗಂಡ ವಾರಕ್ಕೊಮ್ಮೆ ಮಂಕಿಗೆ ಬರುತ್ತಿದ್ದರು. ಆರ್ಡರಿನ ಸುದ್ದಿ ಕೇಳಿ ಮೂರನೆಯ ದಿನವೇ ತೊಯ್ದು ತೊಪ್ಪೆಯಾಗಿ ಬಂದು ನಿಂತರು. ಕಾಗದವನ್ನು ದೀಪದ ಹತ್ತಿರ ಹಿಡಿದು ಎರಡು ಸಲ ಓದಿದರು.

"ಕೂಸಿನ ಹಾಲಿಂದೇ ಚಿಂತೆ" ಎಂದೆ.

"ಎಂತ ಚಿಂತೆ? ಈಗಿನ ಕಾಲ ಹಾಂಗಿಲ್ಲ. ಬಾಟಲಿ ಅದೆ! ಕುಮಟೆ ಔಷಧಿ ಅಂಗಡೀಲಿ ನಾನೇ ಕಂಡೀದೆ."

ಅವರು ಹಾಗೆ ಹೇಳಿದ ಮೇಲೆ ನಡೆದದ್ದು ನನಗೆ ಆಮೇಲೆ ಬೇರೆಯವರ ಬಾಯಿಂದ ತಿಳಿಯಿತು. ಮರುದಿನದಿಂದ ಅವರು ಲಾಂಚು ಹತ್ತಿದವರನ್ನೆಲ್ಲ ಕೇಳತೊಡಗಿದರಂತೆ, ಸಣ್ಣ ಕೂಸಿಗೆ ಎದೆಹಾಲು ಬಿಡಿಸಿ ಬಾಟಲಿ ಹಿಡಿಸಬಹುದೋ ಬಾರದೋ ಎಂದು. ಕತಗಾಲದ ಕಡೆಯ ಒಬ್ಬ ಯಜಮಾನರು, ದನದ ಹಾಲಿಗೆ ಅರ್ಧ ನೀರು ಸೇರಿಸಬೇಕು ಎಂದರಂತೆ. ಕೋರ್ಟು ಕೆಲಸಕ್ಕೆ ಹೋಗುತ್ತಿದ್ದ ಕಾರಕೂನರೊಬ್ಬರು, ಬಾಟಲಿ ಕುಡಿದ ಮಕ್ಕಳಿಗೆ ತಾಯಿಯ ಮೇಲೆ ಪ್ರೀತಿ ಇರುವುದಿಲ್ಲ ಎಂದು ಹೆದರಿಸಿದರಂತೆ. ಭಟ್ಕಳದ ಜವಳಿ ವ್ಯಾಪಾರಿಯೊಬ್ಬರು, ನವಾಯತಿ ಮಾತಾಡುವ ದೊಡ್ಡ ಮನುಷ್ಯ, ತಮ್ಮ ಮೊಮ್ಮಗನಿಗೆ ಡಬ್ಬದ ಹಾಲಿನ ಪುಡಿ ಒಗ್ಗಿದೆ ಎಂದು ಹೇಳಿ, ಎರಡು ದಿನ ಬಿಟ್ಟು ತಾವೇ ಒಂದು ಡಬ್ಬ ತಂದುಕೊಟ್ಟರಂತೆ. ಒಟ್ಟಿನಲ್ಲಿ ಹೊಳೆಯ ಎರಡೂ ದಂಡೆಗೆ ನನ್ನ ಎದೆಹಾಲಿನ ಸಮಾಚಾರ ಗೊತ್ತಾಯಿತು. ಆಗಲೇ ತಿಳಿದಿದ್ದರೆ ನಾಚಿಕೆಯಿಂದ ಸಾಯುತ್ತಿದ್ದೆ.

ಆರ್ಡರು ಬಂದ ಆರನೆಯ ದಿನ ಅವರು ಕುಮಟೆಗೆ ಹೋಗಿ ಬಾಟಲಿ ತಂದರು, ಜೊತೆಗೆ ಆ ಹಾಲಿನ ಪುಡಿಯ ಡಬ್ಬವನ್ನೂ. ಹಳೆಯ ಪೇಪರಿನ ಐದಾರು ಸುತ್ತಿನೊಳಗಿಂದ ಅದನ್ನು ಹೊರತೆಗೆದಾಗ ನಾವೆಲ್ಲ ಬಾಗಿ ನೋಡಿದೆವು. ದಪ್ಪ ಗಾಜು. ನಡು ಉಬ್ಬಿ, ಎರಡೂ ತುದಿ ಮೇಲಕ್ಕೆ ಬಾಗಿ, ಥೇಟು ಪುಟ್ಟ ದೋಣಿ. ಒಂದು ತುದಿಗೆ ರಬ್ಬರಿನ ತೊಟ್ಟು, ಇನ್ನೊಂದು ತುದಿಗೆ ರಬ್ಬರಿನ ಬಿರಡೆ. ಅಪ್ಪನಿಗೆ ತಡೆಯಲಾಗಲಿಲ್ಲ. ಎರಡೂ ತುದಿ ಮುಚ್ಚಿ, ನೀರು ತುಂಬಿದ ಕೊಳಗದಲ್ಲಿ ಬಿಟ್ಟು ನೋಡಿದ.

"ತೇಲ್ತದೆ ಕಾಣಿ!" ಎಂದು ಚಪ್ಪಾಳೆ ತಟ್ಟಿದ. ಅವ್ವ ಬೈದು ಕಿತ್ತುಕೊಂಡಳು. ನಾನು ಅಷ್ಟು ನಕ್ಕದ್ದು ಹೆರಿಗೆಯಾದ ಮೇಲೆ ಅದೇ ಮೊದಲು.

ಮರುದಿನ ಬೆಳಿಗ್ಗೆ ಪ್ರಯೋಗ ಶುರುವಾಯಿತು. ಬಿಸಿನೀರಿನಲ್ಲಿ ಪುಡಿ ಕದಡಿ, ಆರಿಸಿ, ಬಾಟಲಿಗೆ ಹಾಕಿ ನಾನು ಕೂಸಿನ ಬಾಯಿಗೆ ಹಿಡಿದೆ. ಅದು ರಬ್ಬರನ್ನು ನಾಲಗೆಯಿಂದ ಹೊರಗೆ ತಳ್ಳಿ, ಮುಖ ಸಿಂಡರಿಸಿ, ನನ್ನ ಎದೆಯ ಕಡೆ ತಿರುಗಿತು. ಮತ್ತೆ ಹಿಡಿದೆ. ಮತ್ತೆ ತಳ್ಳಿತು. ಆಮೇಲೆ ಕಿರುಚಾಟ.

"ನಿನ್ನ ವಾಸನೆ ಬತ್ತದೆ ಅದ್ಕೆ. ನೀ ಇದ್ರೆ ಕುಡೀಲಿಕ್ಕಿಲ್ಲ. ಹೊರಗೆ ನಡೆ" ಎಂದಳು ಅವ್ವ.

ನಾನು ಜಗಲಿಯ ಮಾಡಿನ ಕೆಳಗೆ ನಿಂತೆ. ಮಾಡಿನಿಂದ ನೀರು ಧಾರೆಯಾಗಿ ಬೀಳುತ್ತಿತ್ತು, ಒಳಗೆ ಕೂಸು ಅಳುತ್ತಿತ್ತು. ಆ ದಿನ ಸೋತೆವು. ಅದರ ಮರುದಿನವೂ ಸೋತೆವು. ಮೂರನೆಯ ದಿನ ನಾನು ಹೊರಗೆ ನಿಂತಿದ್ದಾಗ ಅಳು ಒಮ್ಮೆಲೇ ನಿಂತಿತು. ಅಷ್ಟರಲ್ಲಿ ಅವ್ವನ ಕೂಗು ಕೇಳಿತು.

"ಕುಡೀತದೆ! ಬಾರೆ, ಬೇಗ ಬಾ, ಕುಡೀತದೆ!"

ಓಡಿ ಹೋಗಿ ಇಣುಕಿದೆ. ಕೂಸು ಕಣ್ಣರಳಿಸಿ ಗಟಗಟ ಕುಡಿಯುತ್ತಿತ್ತು. ಗಾಜಿನೊಳಗೆ ಗುಳ್ಳೆಗಳು ಏಳುತ್ತಿದ್ದವು. ಅಪ್ಪ ಬಲೆ ಬಿಟ್ಟು ಬಂದು ನಿಂತಿದ್ದ. ಪಕ್ಕದ ಮನೆಯವರು ಕಿಟಕಿಯಲ್ಲಿ ಮುಖ ಇಟ್ಟಿದ್ದರು. ಬಾಟಲಿ ಖಾಲಿಯಾದಾಗ ಎಲ್ಲರೂ ಗೆದ್ದವರ ಹಾಗೆ ಕೂಗಿಕೊಂಡರು. ನಾನೂ ಕೂಗಿದೆ. ಆಯಿತು, ನಾನು ಅಕ್ಕೋರು ಆದೆ ಎಂದುಕೊಂಡೆ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಆ ಮಾತನ್ನು ನನಗೆ ಹೊಂದಿಸಿಕೊಂಡು ನೋಡಿದ್ದೂ ಆವತ್ತೇ ಮೊದಲು. ಪೆಟ್ಟಿಗೆಯಿಂದ ಎರಡು ಸೀರೆ ತೆಗೆದು, ಮೊದಲ ದಿನಕ್ಕೆ ನೀಲಿಯೋ ಹಸಿರೋ ಎಂದು ಅವ್ವನ ಜೊತೆ ವಾದಿಸಿದೆ.

ಆದರೆ ಎರಡು ದಿನ ಕಳೆಯುವಷ್ಟರಲ್ಲಿ ಕೂಸು ನನ್ನ ಹತ್ತಿರ ಬೇರೆ ರೀತಿ ವರ್ತಿಸತೊಡಗಿತು. ಸಂಜೆ ಹಾಲಿಗೆ ಎತ್ತಿಕೊಂಡರೆ ನಾಲ್ಕು ಸಲ ಎಳೆದು, ತಲೆ ಹಿಂದಕ್ಕೆ ಒಗೆದು ಅಳುವುದು. ಬಾಟಲಿಯಿಂದ ಹಾಲು ತಾನಾಗಿ ಇಳಿಯುತ್ತಿತ್ತು, ನನ್ನಲ್ಲಿ ಎಳೆದು ಕುಡಿಯಬೇಕಿತ್ತು. ಅದಕ್ಕೆ ಸುಲಭದ ದಾರಿ ಗೊತ್ತಾಗಿಬಿಟ್ಟಿತ್ತು. ಬಾಟಲಿ ಹಿಡಿಯಲಿ ಎಂದು ನಾನೇ ಬೇಡಿಕೊಂಡಿದ್ದೆ. ಈಗ ಅದು ನನ್ನನ್ನು ಬೇಡವೆಂದಾಗ ಎದೆ ಕಲ್ಲಿನ ಹಾಗೆ ಬಿಗಿದು ನೋಯುತ್ತಿತ್ತು, ಅದಕ್ಕಿಂತ ಹೆಚ್ಚು ಮನಸ್ಸು ನೋಯುತ್ತಿತ್ತು. ನೌಕರಿಗಾಗಿ ಬೆಳಗಿನ ಮತ್ತು ಸಂಜೆಯ ಹಾಲನ್ನೂ ಬಿಟ್ಟುಕೊಡಬೇಕೇ? ಪೂರ್ತಿ ಬಾಟಲಿಯೋ, ಪೂರ್ತಿ ಎದೆಹಾಲೋ, ನಡುವೆ ದಾರಿಯೇ ಇಲ್ಲವೇ? ಇದನ್ನು ಯಾರ ಹತ್ತಿರವೂ ಹೇಳಲಿಲ್ಲ. ಇಡೀ ಕೇರಿ ಸಂಭ್ರಮಪಡುತ್ತಿರುವಾಗ ಹೇಗೆ ಹೇಳುವುದು?

ಹನ್ನೆರಡನೆಯ ದಿನ ಬೆಳಗಾಗುತ್ತಲೇ ಕೂಸಿಗೆ ಭೇದಿ ಶುರುವಾಯಿತು. ಮಳೆಗಾಲದಲ್ಲಿ ನಮ್ಮ ಬಾವಿಯ ನೀರು ಚಹದ ಬಣ್ಣಕ್ಕೆ ತಿರುಗುತ್ತಿತ್ತು. ಕುದಿಸಿದ್ದೇನೋ ಹೌದು, ಆದರೆ ಆ ಬಾಗಿದ ಬಾಟಲಿಯ ಒಳಮೈ ಎಷ್ಟು ತೊಳೆದರೂ ಬೆರಳಿಗೆ ಜಿಗುಟಾಗಿ ಅಂಟುತ್ತಿತ್ತು. ನಾಲ್ಕನೆಯ ಸಲ ಬಟ್ಟೆ ಬದಲಿಸುವಾಗ ಅವ್ವನ ಮುಖ ನೋಡಿ, ಇನ್ನು ಕಾಯುವ ಹಾಗಿಲ್ಲ ಎಂದು ತಿಳಿಯಿತು. ಎಂಟು ಗಂಟೆಯ ಬಸ್ಸಿಗೆ ಹೊರಟೆವು. ನನ್ನ ತೋಳಲ್ಲಿ ನನ್ನ ಕೂಸು, ಅವ್ವನ ಸೊಂಟದಲ್ಲಿ ಅವಳದು.

ಗಂಡನ ಲಾಂಚಿನಲ್ಲೇ ಹೊಳೆ ದಾಟಿದೆವು. ಅವರು ಎಂದಿಗಿಂತ ಜೋರಾಗಿ ಓಡಿಸಿದರು. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು.

ಹೊನ್ನಾವರದ ದವಾಖಾನೆಯಲ್ಲಿ ಕೂಸನ್ನು ನೋಡಿದ್ದು ವಯಸ್ಸಾದ ಒಬ್ಬ ನರ್ಸಬಾಯಿ. ಮನೆಯಲ್ಲಿ ಕೊಂಕಣಿ ಆಡುವವರು, ನಮ್ಮ ಜೊತೆ ಕನ್ನಡದಲ್ಲಿ ಮಾತಾಡಿದರು. ಹೊಟ್ಟೆ ಒತ್ತಿ ನೋಡಿ, ನೆತ್ತಿ ಮುಟ್ಟಿ ನೋಡಿ, ಕೂಸು ಗಟ್ಟಿಯಾಗಿದೆ, ಹೆದರಬೇಡಿ ಎಂದರು. ಒಂದು ಸೀಸೆಯಲ್ಲಿ ಔಷಧಿ ಕೊಟ್ಟರು. ಆಮೇಲೆ ಬಾಟಲಿ ತೋರಿಸು ಎಂದರು. ಚೀಲದಿಂದ ತೆಗೆದುಕೊಟ್ಟೆ. ರಬ್ಬರನ್ನು ಮಗುಚಿ ಮೂಗಿಗೆ ಹಿಡಿದು, ಮುಖ ಕಿವುಚಿ, ಮೇಜಿನ ಮೇಲಿಟ್ಟರು.

"ನಿಂಗೆ ಹಾಲಿಲ್ವಾ?"

"ಅದೆ. ಬೇಕಾದಷ್ಟು ಅದೆ."

"ಮತ್ತೆ ಎಂತಕ್ಕೆ ಇದು?"

ಅವರೆದುರು ಆರ್ಡರನ್ನು ಬಿಚ್ಚಿ ಇಟ್ಟೆ. ಅದನ್ನು ಎಲ್ಲಿ ಹೋದರೂ ಒಯ್ಯುತ್ತಿದ್ದೆ. ಅವರು ಕನ್ನಡಕ ಹಾಕಿ ಓದಿದರು. ಮುಖ ಸಡಿಲವಾಯಿತು.

"ಒಳ್ಳೇದು. ಬಹಳ ಒಳ್ಳೇದು. ಇದನ್ನ ಬಿಡಬೇಡ" ಎಂದರು. "ಬಾಟಲಿ ಕೊಡೂದು ತಪ್ಪು ಅಂತ ನಾ ಹೇಳೂದಿಲ್ಲ. ಹಾಲೇ ಇಲ್ಲದ ತಾಯಂದಿರಿಗೆ ನಾನೇ ಕೊಡಿಸ್ತೇನೆ. ಆದ್ರೆ ಈ ಮಳೇಲಿ, ಈ ಬಾವಿ ನೀರಲ್ಲಿ, ಇಷ್ಟು ಸಣ್ಣ ಕೂಸಿಗೆ ಬೇಡ. ಮಳೆ ಹೋಗ್ಲಿ, ಕೂಸು ಗಟ್ಟಿಯಾಗ್ಲಿ, ಆಮೇಲೆ ಕಾಂಬ."

"ಮಳೆ ಹೋಗೂಕೆ ಮೂರು ತಿಂಗಳು. ನಂಗೆ ಇರೂದು ಮೂರು ದಿನ" ಎಂದೆ.

ಅವರು ನನ್ನ ಹಿಂದೆ ನಿಂತಿದ್ದ ಅವ್ವನ ಕಡೆ ನೋಡಿದರು. ಅದೇ ಹೊತ್ತಿಗೆ ನನ್ನ ತಂಗಿ ಅವ್ವನ ಸೆರಗು ಎಳೆದು, ಒಳಗೆ ತಲೆ ತೂರಿಸಲು ನೋಡುತ್ತಿದ್ದಳು. ಅವ್ವ ಅವಳನ್ನು ಬಿಡಿಸಿ ಬಿಡಿಸಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ಆ ಕೂಸು ಯಾರದ್ದು?"

ಅವ್ವ ನೆಲ ನೋಡಿದಳು. "ನಂದೇ" ಎಂದಳು ಮೆಲ್ಲಗೆ. "ಕಡೇದು."

"ಇನ್ನೂ ಹಾಲು ಕುಡೀತದಾ?"

"ಹೂಂ."

ನರ್ಸಬಾಯಿ ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. "ಮನೇಲಿ ಇನ್ನೊಬ್ಬಳು ತಾಯಿ ಇರುವಾಗ ನೀವು ಕುಮಟೆಗೆ ಹೋಗಿ ಗಾಜು ತಂದ್ರಾ?" ಎಂದು ಗಟ್ಟಿಯಾಗಿ ನಕ್ಕರು. ಮುಂದಿನವರನ್ನು ಕರೆದರು.

ನಾವು ಹೊರಗೆ ಬಂದು ಲಾಂಚು ನಿಲ್ಲುವ ಧಕ್ಕೆಯ ಹತ್ತಿರದ ಮಾಡಿನ ಕೆಳಗೆ ಲಾಂಚಿಗೆ ಕಾಯುತ್ತ ನಿಂತೆವು. ಲಾಂಚು ಆಚೆ ದಂಡೆಯಲ್ಲಿತ್ತು. ಇಷ್ಟು ದಿನ ಕಣ್ಣೆದುರೇ ಇದ್ದದ್ದು ನನಗೆ ಕಾಣಲಿಲ್ಲವಲ್ಲ ಎಂದು ಮೊದಲು ಅನಿಸಿತು. ಆಮೇಲೆ, ಕಾಣದೆ ಇದ್ದದ್ದಲ್ಲ, ನಾನು ನೋಡದೆ ಇದ್ದದ್ದು ಎಂದು ತಿಳಿಯಿತು. ಅವ್ವನಿಗೆ ಮೊದಲ ದಿನದಿಂದ ಗೊತ್ತಿರಬೇಕು. ಬಾಟಲಿ ಹಿಡಿಸಲು ಒದ್ದಾಡಿದ ಒಂದೊಂದು ಹೊತ್ತೂ ಅವಳ ಎದೆಯಲ್ಲಿ ಹಾಲಿತ್ತು. ಕೊಡುತ್ತೇನೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅವಳ ಬಾಯಿ ಕಟ್ಟಿದವಳು ನಾನು.

"ಅವ್ವಾ" ಎಂದೆ. "ನಾ ಶಾಲೆಗೆ ಹೋದಾಗ ನೀ ನನ್ನ ಕೂಸಿಗೆ ಹಾಲು ಕೊಡ್ತೀಯಾ?"

ಅವಳು ಹೊಳೆಯ ಕಡೆಯೇ ನೋಡುತ್ತಿದ್ದಳು. "ನೀ ಕೇಳ್ಲಿ ಅಂತ್ಲೇ ಕಾದಿದ್ದೆ" ಎಂದಳು. ಆಮೇಲೆ, "ನಂದು ಹನ್ನೊಂದು ತಿಂಗಳ ಹಾಲು. ತೆಳ್ಳಗೆ ಆಗಿರ್ತದೆ. ನಿನ್ನ ಕೂಸಿಗೆ ಹಿಡೀತದೋ ಇಲ್ವೋ" ಎಂದಳು.

"ನಂಗೆ ಹಿಡೀಲಿಲ್ವಾ?"

"ನೀನಾ? ನೀ ಮೂರು ವರ್ಷ ಬಿಡಲಿಲ್ಲ. ಬೇವು ಅರೆದು ಹಚ್ಚಬೇಕಾತು!"

ಇಬ್ಬರಿಗೂ ನಗು ಬಂತು. ನನಗೆ ನಗುವಿನ ಜೊತೆ ಅಳುವೂ ಬಂತು. ಅಂದು ಮದುವೆಯ ಮುಂಚೆ ಆಡಿದ ಮಾತನ್ನು ಎತ್ತಿ, "ತಪ್ಪಾತು ಅವ್ವಾ" ಎಂದೆ. ಅವಳು, "ಲಾಂಚು ಬಂತು, ನಡೆ" ಎಂದಳು. ಕೊಡೆಯನ್ನು ಮಾತ್ರ ನನ್ನ ಕಡೆಗೆ ಸರಿಸಿ ಹಿಡಿದಳು.

ಮನೆಗೆ ಬಂದವಳೇ ಅವ್ವ ಕೈಕಾಲು ತೊಳೆದು, ಬಾಗಿಲು ಮರೆಮಾಡಿ, ಗೋಡೆಗೆ ಒರಗಿ ಕೂತಳು. ತಂಗಿಯನ್ನು ನಾನು ಎತ್ತಿಕೊಂಡೆ. ಕೂಸನ್ನು ಅವ್ವನ ಮಡಿಲಿಗೆ ಇಟ್ಟೆ. ಬಾಟಲಿಗೆ ಮೂರು ದಿನ ಹಟ ಮಾಡಿದ ಕೂಸು. ಇಲ್ಲಿ ಏನು ಮಾಡುತ್ತದೋ? ಅದು ಒಮ್ಮೆ ಮೂಸಿತು. ಬಾಯಿ ತೆರೆಯಿತು. ಮೊದಲ ಸಲಕ್ಕೇ ಹಿಡಿಯಿತು. ಅವ್ವ ಕಣ್ಣು ಮುಚ್ಚಿದಳು.

"ಹಿಡೀತಾ?" ಹೊರಗಿಂದ ಅಪ್ಪನ ದನಿ.

"ಹಿಡೀತು!" ನಾವಿಬ್ಬರೂ ಒಟ್ಟಿಗೇ ಕೂಗಿದೆವು. ನನ್ನ ತಂಗಿ ಮಾತ್ರ, ತನ್ನ ಜಾಗದಲ್ಲಿ ಬೇರೆಯವರು ಕೂತದ್ದನ್ನು ನೋಡಿ ನನ್ನ ಕೂದಲು ಹಿಡಿದು ಜಗ್ಗಿ ದೊಡ್ಡ ರಂಪ ಮಾಡಿದಳು.

ಭೇದಿ ಮರುದಿನವೇ ಇಳಿಮುಖವಾಯಿತು. ಬಾಟಲಿ ಬಿಟ್ಟ ಮೇಲೆ ಕೂಸು ನನ್ನ ಹತ್ತಿರವೂ ಮೊದಲಿನ ಹಾಗೆ ಕುಡಿಯತೊಡಗಿತು. ಹದಿನೈದನೆಯ ದಿನ ನಾನು ನೀಲಿ ಸೀರೆ ಉಟ್ಟು, ಕೂಸಿಗೆ ಹೊಟ್ಟೆ ತುಂಬ ಹಾಲು ಕೊಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಗದ್ದೆಯಂಚಿನ ಮೇಲೆ ಹೊರಟೆ. ನಾಟಿಯ ಕಾಲ. ಎರಡೂ ಬದಿಯ ಗದ್ದೆಗಳಲ್ಲಿ ಹೆಂಗಸರು ಸಾಲಾಗಿ ಬಾಗಿ, ಒಬ್ಬಳು ಹೇಳಿಕೊಟ್ಟ ಪದವನ್ನು ಉಳಿದವರು ಎತ್ತಿಕೊಂಡು ಹಾಡುತ್ತ ಸಸಿ ಊರುತ್ತಿದ್ದರು. ನನ್ನನ್ನು ನೋಡಿ ಹಾಡು ನಿಲ್ಲಿಸಿ, "ಹೊಸ ಅಕ್ಕೋರಾ?" ಎಂದು ಕೇಳಿದರು. "ಹೌದು" ಎನ್ನುವಾಗ ನನ್ನ ದನಿ ನನಗೇ ಹೊಸದಾಗಿ ಕೇಳಿತು.

ಶಾಲೆ ಎಂದರೆ ಒಂದೇ ಉದ್ದದ ಕೋಣೆ. ಒಂದು ತುದಿಯಲ್ಲಿ ಹೆಡ್‌ಮಾಸ್ತರರು ದೊಡ್ಡ ಮಕ್ಕಳಿಗೆ ಕಲಿಸುತ್ತಿದ್ದರು, ಇನ್ನೊಂದು ತುದಿ ನನಗೆ. ಮೂವತ್ತರಷ್ಟು ಮಕ್ಕಳು, ಕಂಬಳಿಕೊಪ್ಪೆಯಿಂದ ನೀರು ತೊಟ್ಟಿಕ್ಕಿಸುತ್ತ ಕೂತಿದ್ದರು. ಹಲಗೆಯ ಮೇಲೆ 'ಅ' ಬರೆದೆ. ಮೂವತ್ತು ಬಾಯಿ ಒಟ್ಟಿಗೆ 'ಅ' ಎಂದಾಗ ಮೈ ಜುಮ್ಮೆಂದಿತು.

ಮಧ್ಯಾಹ್ನ ಬಿಡುವಿನ ಹೊತ್ತಿಗೆ ನಾನು ಮರೆತಿದ್ದದ್ದು ನೆನಪಾಯಿತು. ಕೂಸಿನ ಹಾಲಿನ ಹೊತ್ತು ಮೀರಿತ್ತು. ಕೂಸಿಗೆ ಅವ್ವ ಇದ್ದಳು, ಆದರೆ ನನ್ನ ಎದೆಗೆ ಅದು ಹೇಗೆ ಗೊತ್ತಾಗಬೇಕು? ಕುಪ್ಪಸ ಒದ್ದೆಯಾಗಿ ಸೀರೆಗೂ ಇಳಿದಿತ್ತು. ಹಾಜರಿ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಶಾಲೆಯ ಹಿಂದೆ ಹೋಗಿ ನಿಂತೆ. ಅಲ್ಲಿ ಗದ್ದೆಯ ಬದಿಯ ಗುಡಿಸಲಲ್ಲಿ, ನಾಟಿಗೆ ಬಂದ ಒಬ್ಬಳು ತನ್ನ ಮಗುವಿಗೆ ಹಾಲು ಕೊಡುತ್ತ ಕೂತಿದ್ದಳು. ಒಂದೇ ನೋಟಕ್ಕೆ ಎಲ್ಲ ತಿಳಿದುಕೊಂಡಳು.

"ಎಷ್ಟು ದಿನದ ಕೂಸು ಅಕ್ಕೋರೆ?"

"ನಲವತ್ತಮೂರು."

"ಅಯ್ಯೋ! ಬನ್ನಿ ಒಳಗೆ, ನಾಚೂದೆಂತಕ್ಕೆ? ಹಿಂಡಿ ತೆಗೀರಿ, ಇಲ್ದಿದ್ರೆ ಕಟ್ಟಿ ಜ್ವರ ಬತ್ತದೆ" ಎಂದು ಜಾಗ ಬಿಟ್ಟಳು. ತನ್ನ ಒಣಗಿದ ಕಂಬಳಿಕೊಪ್ಪೆಯನ್ನು ನನ್ನ ಹೆಗಲಿಗೆ ಹಾಕಿದಳು. ಮಧ್ಯಾಹ್ನದ ಮೇಲೆ ನಾನು ಅದನ್ನೇ ಹೊದ್ದು ಪಾಠ ಮಾಡಿದೆ. ಚಳಿಯಾ ಎಂದು ಹೆಡ್‌ಮಾಸ್ತರರು ಕೇಳಿದರು. ಹೌದು ಎಂದೆ. ಆ ಮಳೆಗಾಲವಿಡೀ ಮಧ್ಯಾಹ್ನದ ಬಿಡುವಿಗೆ ನಾನು ಆ ಗುಡಿಸಲಿಗೆ ಹೋಗುತ್ತಿದ್ದೆ. ಅವಳ ಹತ್ತಿರ ಐದಾರು ನಾಟಿ ಪದ ಕಲಿತೆ.

ಶ್ರಾವಣ ಮುಗಿದು ದೋಣಿಗಳು ಕಡಲಿಗಿಳಿದವು. ಬಂಗಡೆ ಚೆನ್ನಾಗಿ ಬಿದ್ದ ವರ್ಷ ಅದು. ಅವ್ವ ಬುಟ್ಟಿ ಹೊರದೆ ಇರುವ ಹಾಗಿರಲಿಲ್ಲ. ಬೆಳಗಾಗುತ್ತಲೇ ಹೊರಟು, ದೂರದ ಊರುಗಳನ್ನು ಬಿಟ್ಟು ಹತ್ತಿರದ ಕೇರಿಗಳಲ್ಲಿ ಮಾತ್ರ ಮಾರಿ, ನಾನು ಹೊರಡುವುದರೊಳಗೆ ಓಡೋಡಿ ಬರುತ್ತಿದ್ದಳು. ಅಂಥ ಮೊದಲ ಬೆಳಿಗ್ಗೆ ತಂಗಿ ಎದ್ದು ಅವ್ವನನ್ನು ಹುಡುಕಿದಳು. ಎಲ್ಲ ಮೂಲೆ ನೋಡಿ, ಅತ್ತು, ಕೊನೆಗೆ ತಪ್ಪು ಹೆಜ್ಜೆ ಹಾಕುತ್ತ ನನ್ನ ಹತ್ತಿರ ಬಂದಳು. ನನ್ನ ಕೂಸು ಕುಡಿದು ಮಲಗಿತ್ತು. ತಂಗಿ ನನ್ನ ಮೊಣಕಾಲು ಹಿಡಿದು ನಿಂತು ಮುಖ ನೋಡಿದಳು. ಎತ್ತಿಕೊಂಡು ಎದೆಗೆ ಹಚ್ಚಿದೆ. ಅವಳು ಒಂದು ಕೈಯಿಂದ ನನ್ನ ಕರಿಮಣಿ ಹಿಡಿದು, ಕಣ್ಣು ನನ್ನ ಮೇಲೇ ಇಟ್ಟು ಕುಡಿದಳು. ಅವ್ವ ಬುಟ್ಟಿ ಇಳಿಸಿ ಒಳಗೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಆಮೇಲೆ ಏನೂ ಆಗದವಳ ಹಾಗೆ ಮೀನಿನ ಕೈ ತೊಳೆಯಲು ಹೋದಳು. ಅಂದಿನಿಂದ ಯಾರ ಕೂಸಿಗೆ ಯಾರು ಕೊಡಬೇಕೆಂಬ ಲೆಕ್ಕವೇ ನಮ್ಮ ಮನೆಯಲ್ಲಿ ಹೋಯಿತು. ಅವ್ವ ಅಡುಗೆಮನೆಯ ಮೂಲೆಗೆ ಹೋಗುವುದನ್ನೂ ಬಿಟ್ಟಳು. ಇಬ್ಬರೂ ಜಗಲಿಯಲ್ಲೇ ಕೂತು ಕೊಡುತ್ತಿದ್ದೆವು.

ನವೆಂಬರಿನ ಒಂದು ಸಂಜೆ ಶಾಲೆಯಿಂದ ಬಂದು ಮಗಳನ್ನು ಎತ್ತಿಕೊಂಡೆ. ಕುಡಿಯುತ್ತಿದ್ದವಳು ಒಮ್ಮೆಲೇ ಚುಳ್ಳನೆ ಕಚ್ಚಿದಳು. ನಾನು ಕಿರುಚಿ, ಅವಳ ಬಾಯಿ ತೆರೆದು ಬೆರಳು ಆಡಿಸಿದೆ. ಕೆಳಗಿನ ವಸಡಿನಲ್ಲಿ ಅಕ್ಕಿಕಾಳಿನಷ್ಟು ಚೂಪಾದದ್ದು ತಾಗಿತು.

"ಅವ್ವಾ! ಹಲ್ಲು! ಹಲ್ಲು ಬಂದದೆ! ಬಾ, ಕಾಣು!" ಎಂದು ಕೂಗಿದೆ.

ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ.

"ನಂಗೆ ನಿನ್ನೆನೇ ಗೊತ್ತಾತು" ಎಂದಳು.